ಜ್ವಾಲಾಮುಖಿ ಕಮಾನು ಹುಟ್ಟಿದ್ದು ಹೇಗೆ? ಹಳೆಯ ಬಸಾಲ್ಟಿನ ಸಾಕ್ಷಿಯನ್ನು ಎಷ್ಟು ನಂಬಬಹುದು?

ಕಡಲತಳ

ಎಲ್ಲರಿಗೂ ನಮಸ್ಕಾರ. ಪಶ್ಚಿಮ ಪೆಸಿಫಿಕ್‌ನ ಇಝು-ಬೋನಿನ್-ಮರಿಯಾನಾ ಜ್ವಾಲಾಮುಖಿ ಕಮಾನಿನ ಬಗ್ಗೆ ಒಂದು ವಾರದಿಂದ ಓದುತ್ತಿದ್ದೇನೆ. ಒಂದು ಕಡೆ ಗಂಟು ಬಿದ್ದಿದೆ, ತಿಳಿದವರು ಬಿಡಿಸಿಕೊಡಿ.

ಭೂಮಿಯ ಹೊರಚಿಪ್ಪಿನ ಒಂದು ಫಲಕ ಇನ್ನೊಂದರ ಅಡಿಗೆ ಜಾರುತ್ತದೆ, ಇದೇ ಸಬ್‌ಡಕ್ಷನ್. ಆಳಕ್ಕೆ ಹೋದಂತೆ ನೀರು ಬಿಡುತ್ತದೆ. ನೀರು ಸೇರಿದ ಮ್ಯಾಂಟಲ್, ಅಂದರೆ ತೊಗಟೆಯ ಕೆಳಗಿನ ಬಿಸಿ ಕಲ್ಲಿನ ಪದರ, ಕಡಿಮೆ ಉಷ್ಣತೆಯಲ್ಲೇ ಕರಗಿ, ಮೇಲೆ ಜ್ವಾಲಾಮುಖಿಗಳ ಸಾಲು ಏಳುತ್ತದೆ. ಇಷ್ಟು ಗೊತ್ತಿದೆ. ಆದರೆ ಇದೆಲ್ಲ ಆಗಲೇ ಓಡುತ್ತಿರುವ ಸಬ್‌ಡಕ್ಷನ್‌ನ ವಿವರ. ಅದು ಮೊದಲು ಶುರುವಾದದ್ದು ಹೇಗೆ ಎಂದು ಕೇಳಿದರೆ ಹಳೆಯ ಬಸಾಲ್ಟನ್ನು, ಅಂದರೆ ಲಾವಾ ತಣಿದು ಆದ ಕಪ್ಪು ಕಲ್ಲನ್ನು, ಸಾಕ್ಷಿಗೆ ಕರೆಯುತ್ತಾರೆ. ನನ್ನ ತೊಡಕು ಅಲ್ಲೇ. ಈ ಕಮಾನಿನಲ್ಲಿ ಮೊದಲು ಹರಿದ ಲಾವಾ ಕಮಾನಿನ ಲಾವಾದಂತಿಲ್ಲವಂತೆ, ಫಲಕಗಳು ಬೇರ್ಪಡುವ ಸಾಗರಮಧ್ಯದ ಏಣುಗಳಲ್ಲಿ ಹುಟ್ಟುವ ಬಸಾಲ್ಟಿನಂತಿದೆಯಂತೆ. ಹಾಗಿದ್ದ ಮೇಲೆ ಅದು ಕಮಾನಿಗೆ ಸೇರಿದ್ದು ಎಂದು ಹೇಳುವುದು ಯಾವ ಆಧಾರದ ಮೇಲೆ? ಮೊದಲಿನಿಂದಲೂ ಅಲ್ಲೇ ಬಿದ್ದಿದ್ದ ಸಾಗರತಳದ ಕಲ್ಲು ಅದು ಯಾಕಾಗಿರಬಾರದು?

ಹಳೆಗಲ್ಲು

ಒಳ್ಳೆಯ ಜಾಗಕ್ಕೇ ಕೈ ಹಾಕಿದ್ದೀರಿ. ನಿಮ್ಮ ಅನುಮಾನ ನಿಮ್ಮೊಬ್ಬರದಲ್ಲ. ಬಹುಕಾಲ ಆ ಕಲ್ಲುಗಳನ್ನು ಕೈಯಲ್ಲಿ ಹಿಡಿದವರೂ ಹಾಗೇ ಅಂದುಕೊಂಡಿದ್ದರು, ಸಬ್‌ಡಕ್ಷನ್‌ಗಿಂತ ಮುಂಚಿನ ಸಾಗರತಳದ ತುಣುಕು ಸಿಕ್ಕಿಕೊಂಡಿದೆ ಎಂದು.

ಮೊದಲು ಜಾಗದ ವಿಷಯ. ಈ ಕಮಾನು ಜಪಾನಿನ ಇಝು ಪರ್ಯಾಯದ್ವೀಪದಿಂದ ಗುವಾಮ್ ದಾಟಿ ಸುಮಾರು 2,800 ಕಿಲೋಮೀಟರ್ ಉದ್ದ ಹಬ್ಬಿದೆ. ಖಂಡದ ಮಣ್ಣು ತಂದು ಸುರಿಯುವ ದೊಡ್ಡ ನದಿ ಹತ್ತಿರದಲ್ಲಿಲ್ಲ. ಬೇರೆ ಕಡೆಗಳಲ್ಲಿ, ಫಲಕ ಅಡಿಗಿಳಿಯುವ ಕಂದಕದ ಅಂಚಿನಲ್ಲಿ ಕೆಸರು ಗುಡ್ಡೆಯಾಗಿ ಹಳೆಯ ಕಲ್ಲನ್ನೆಲ್ಲ ಮುಚ್ಚಿಬಿಡುತ್ತದೆ, ಇಲ್ಲಿ ಹಾಗಾಗಿಲ್ಲ. ಕಂದಕಕ್ಕೂ ಜ್ವಾಲಾಮುಖಿಗಳ ಸಾಲಿಗೂ ನಡುವಿನ ಇಳಿಜಾರು, ಅಂದರೆ ಫೋರ್‌ಆರ್ಕ್, ಬಹುಮಟ್ಟಿಗೆ ಬರಿಮೈಯಲ್ಲಿ ನಿಂತಿದೆ. ಶಿಂಕಾಯ್ 6500 ಎಂಬ ಮುಳುಗುನೌಕೆ ಆ ಇಳಿಜಾರಿನಲ್ಲಿ ಕೆಳಗಿನಿಂದ ಮೇಲಕ್ಕೆ ಏರುತ್ತ ಕಲ್ಲು ಆರಿಸಿದಾಗ ಸಾಲು ಹೀಗಿತ್ತು: ತಳದಲ್ಲಿ ಮ್ಯಾಂಟಲ್‌ನ ಕಲ್ಲಾದ ಪೆರಿಡೊಟೈಟ್, ಮೇಲೆ ಆಳದಲ್ಲೇ ನಿಧಾನವಾಗಿ ತಣಿದ ಗ್ಯಾಬ್ರೊ, ಅದರ ಮೇಲೆ ಬಸಾಲ್ಟ್, ಇನ್ನೂ ಮೇಲೆ ಬೋನಿನೈಟ್ ಎಂಬ ಲಾವಾಶಿಲೆ, ಕೊನೆಗೆ ನಮಗೆಲ್ಲ ಪರಿಚಯದ ಕಮಾನಿನ ಲಾವಾಗಳು. ಮಾರ್ಕ್ ರೇಗನ್ ಮತ್ತು ಸಂಗಡಿಗರು 2010ರಲ್ಲಿ ಆ ಬಸಾಲ್ಟಿಗೆ ಫೋರ್‌ಆರ್ಕ್ ಬಸಾಲ್ಟ್ ಎಂದು ಪ್ರತ್ಯೇಕ ಹೆಸರು ಕೊಟ್ಟು, ಇದು ಹಳೆಯ ಸಾಗರತಳವಲ್ಲ, ಸಬ್‌ಡಕ್ಷನ್ ಶುರುವಾದಾಗಲೇ ಹುಟ್ಟಿದ್ದು ಎಂದು ವಾದಿಸಿದರು.

ಇನ್ನು ಕರಗುವಿಕೆ. ಮ್ಯಾಂಟಲ್ ಕರಗಲು ಎರಡು ದಾರಿಗಳನ್ನು ನೆನಪಿಡಿ. ಒಂದು, ಬಿಸಿ ಮ್ಯಾಂಟಲ್ ಮೇಲೇರಿ ಒತ್ತಡ ಕಳೆದುಕೊಂಡು ಕರಗುವುದು. ಸಾಗರಮಧ್ಯದ ಏಣುಗಳಲ್ಲಿ ಆಗುವುದು ಇದೇ. ಇನ್ನೊಂದು, ಹೊರಗಿನಿಂದ ನೀರು ಸೇರಿ ಕರಗುವುದು. ಸಬ್‌ಡಕ್ಷನ್‌ನ ಮೊದಲ ಗಳಿಗೆಯಲ್ಲಿ ಕೆಳಫಲಕ ಇನ್ನೂ ಆಳಕ್ಕೆ ಹೋಗಿಲ್ಲ, ಬಿಡಲು ನೀರೂ ಹೆಚ್ಚಿಲ್ಲ. ಅದು ಕುಸಿಯತೊಡಗಿದಾಗ ಮೇಲಿನ ಫಲಕದ ಅಂಚು ಹಿಗ್ಗಿ ಬಿರಿಯುತ್ತದೆ, ಆ ಬಿರುಕಿಗೆ ಕೆಳಗಿನ ಬಿಸಿ ಮ್ಯಾಂಟಲ್ ಉಕ್ಕಿ ಬರುತ್ತದೆ. ಹೀಗೆ ಮೊದಲ ಲಾವಾ ಒತ್ತಡ ಇಳಿದು ಹುಟ್ಟಿದ್ದು, ಆದ್ದರಿಂದ ಏಣಿನ ಬಸಾಲ್ಟನ್ನು ಹೋಲುತ್ತದೆ. ಬಟ್ಟೆಯನ್ನು ಒಮ್ಮೆ ಹಿಂಡಿದ ಹಾಗೆ ಮ್ಯಾಂಟಲ್ ತನ್ನಲ್ಲಿದ್ದ ಸುಲಭಕ್ಕೆ ಕರಗುವ ಅಂಶವನ್ನೆಲ್ಲ ಅಷ್ಟರಲ್ಲಿ ಕೊಟ್ಟುಬಿಟ್ಟಿರುತ್ತದೆ. ಆಮೇಲೆ ಕೆಳಫಲಕ ಆಳಕ್ಕಿಳಿದು ನೀರು ಬಿಟ್ಟಾಗ, ಹಿಂಡಿ ಉಳಿದ ಈ ಒಣ ಮ್ಯಾಂಟಲ್ಲೇ ಇನ್ನೊಮ್ಮೆ ಕರಗುತ್ತದೆ. ಅದರಿಂದ ಬರುವುದು ಬೋನಿನೈಟ್.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಒಂದೇ ಕಲ್ಲನ್ನು ನೋಡಿ ಕಮಾನು ಶುರುವಾಯಿತು ಎಂದು ಯಾರೂ ಹೇಳಲಾರರು. ಕಲ್ಲುಗಳ ಸರದಿ ಮಾತ್ರ ಅದನ್ನು ಹೇಳುತ್ತದೆ.

ತೆಳುಪದರ

ಹಳೆಗಲ್ಲು ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಏಣಿನ ಬಸಾಲ್ಟ್ ಮತ್ತು ಫೋರ್‌ಆರ್ಕ್ ಬಸಾಲ್ಟ್ ಹೋಲುತ್ತವೆ ನಿಜ, ಒಂದೇ ಅಲ್ಲ. ವ್ಯತ್ಯಾಸ ಹಿಡಿಯಲು ಎಲ್ಲರೂ ಮೊದಲು ನೋಡುವುದು ಟೈಟಾನಿಯಂ ಮತ್ತು ವನೇಡಿಯಂಗಳ ಅನುಪಾತ. ಜಾನ್ ಶೆರ್ವೈಸ್ 1982ರಲ್ಲಿ ತೋರಿಸಿಕೊಟ್ಟ ವಿಧಾನ. ಕಮಾನಿನ ಲಾವಾಗಳಲ್ಲಿ ಈ ಅನುಪಾತ ಸಾಮಾನ್ಯವಾಗಿ 20ಕ್ಕಿಂತ ಕಡಿಮೆ, ಏಣಿನ ಬಸಾಲ್ಟಿನಲ್ಲಿ 20ರಿಂದ 50. ಫೋರ್‌ಆರ್ಕ್ ಬಸಾಲ್ಟುಗಳು ಹೆಚ್ಚಾಗಿ 20ರ ಆಸುಪಾಸಿನಲ್ಲೋ ಅದಕ್ಕಿಂತ ಕೆಳಗೋ ಇರುತ್ತವೆ.

ಯಾಕೆ ಹೀಗೆ? ಟೈಟಾನಿಯಂ ಈ ಕಲ್ಲುಗಳಲ್ಲಿ ಸದಾ ಒಂದೇ ಸ್ಥಿತಿಯಲ್ಲಿರುತ್ತದೆ. ವನೇಡಿಯಂ ಹಾಗಲ್ಲ, ಸುತ್ತ ಆಮ್ಲಜನಕ ಎಷ್ಟು ಸಿಗುತ್ತದೆ ಎಂಬುದರ ಮೇಲೆ ತನ್ನ ವೇಲೆನ್ಸಿ ಬದಲಿಸುತ್ತದೆ. ಆಮ್ಲಜನಕ ಕಡಿಮೆಯಿದ್ದರೆ ಮ್ಯಾಂಟಲ್‌ನ ಪೈರಾಕ್ಸೀನ್, ಸ್ಪಿನೆಲ್ ಹರಳುಗಳಲ್ಲೇ ಕೂತುಬಿಡುತ್ತದೆ. ಹೆಚ್ಚಿದ್ದರೆ ಕರಗಿದ ದ್ರವಕ್ಕೆ ಹಾರುತ್ತದೆ. ಕೆಳಫಲಕದಿಂದ ಬರುವ ದ್ರವ ಮ್ಯಾಂಟಲ್ಲನ್ನು ಉತ್ಕರ್ಷಿಸುತ್ತದೆ, ಅಂದರೆ ಸಿಗುವ ಆಮ್ಲಜನಕವನ್ನು ಹೆಚ್ಚಿಸುತ್ತದೆ, ಅನ್ನುವುದಾದರೆ ಕಮಾನಿನ ಲಾವಾದಲ್ಲಿ ವನೇಡಿಯಂ ಹೆಚ್ಚಬೇಕು, ಅನುಪಾತ ತಗ್ಗಬೇಕು.

ಇಲ್ಲೊಂದು ಎಚ್ಚರಿಕೆ ಬೇಕು. ಬಹಳಷ್ಟು ಲೇಖನಗಳಲ್ಲಿ ಇದನ್ನು ಹಾರಿಸಿಬಿಡುತ್ತಾರೆ. ಮ್ಯಾಂಟಲ್ ಒಮ್ಮೆ ಹಿಂಡಿ ಹೋಗಿದ್ದರೆ ಟೈಟಾನಿಯಂ ವನೇಡಿಯಂಗಿಂತ ಹೆಚ್ಚು ಕಳೆದುಹೋಗಿರುತ್ತದೆ. ಆಗಲೂ ಅನುಪಾತ ತಗ್ಗುತ್ತದೆ, ಉತ್ಕರ್ಷಣೆ ಒಂದಿಷ್ಟೂ ಇಲ್ಲದೆ! ಒಂದೇ ಅಂಕಿಗೆ ಎರಡು ಕಾರಣ. ಅದನ್ನು ಬೇರ್ಪಡಿಸಲು ಯಟರ್ಬಿಯಂನಂಥ ಇನ್ನೊಂದು ಧಾತುವನ್ನು ಪಕ್ಕದಲ್ಲಿಟ್ಟು ನೋಡಬೇಕು, ಇಲ್ಲವೇ ಲಾವಾದ ಗಾಜಿನಲ್ಲಿ ಕಬ್ಬಿಣ ಯಾವ ಸ್ಥಿತಿಯಲ್ಲಿದೆ ಎಂದು ನೇರವಾಗಿ ಅಳೆಯಬೇಕು. ಮರಿಯಾನಾ ಫೋರ್‌ಆರ್ಕಿನ ಗಾಜುಗಳಲ್ಲಿ ಹಾಗೆ ಅಳೆದಾಗ ಮೊದಲ ಲಾವಾಗಳು ಏಣಿನ ಬಸಾಲ್ಟಿಗೆ ಹತ್ತಿರ ಬಂದವು, ನಂತರದವು ಹೆಚ್ಚು ಉತ್ಕರ್ಷಿತವಾಗಿದ್ದವು. ಅಂದರೆ ಫೋರ್‌ಆರ್ಕ್ ಬಸಾಲ್ಟಿನ ತಗ್ಗಿದ ಅನುಪಾತಕ್ಕೆ ಮುಖ್ಯ ಕಾರಣ ಹಿಂಡಿ ಹೋದ ಮ್ಯಾಂಟಲ್ಲೇ ಎಂದು ನನ್ನ ತಿಳಿವಳಿಕೆ.

ಇನ್ನೊಂದು ಗುರುತು ಥೋರಿಯಂ ಮತ್ತು ನಿಯೋಬಿಯಂ. ಕೆಳಫಲಕ ಕರಗಿದಾಗ ಥೋರಿಯಂ ಅದರೊಂದಿಗೆ ಹೊರಟು ಬರುತ್ತದೆ. ನಿಯೋಬಿಯಂ ರೂಟೈಲ್ ಹರಳಿನಲ್ಲಿ ಸಿಕ್ಕಿ ಆಳದಲ್ಲೇ ಉಳಿಯುತ್ತದೆ. ಆದ್ದರಿಂದ ಪಕ್ವವಾದ ಕಮಾನಿನ ಲಾವಾದಲ್ಲಿ ನಿಯೋಬಿಯಂಗೆ ಹೋಲಿಸಿದರೆ ಥೋರಿಯಂ ಎದ್ದು ಕಾಣುತ್ತದೆ. ಫೋರ್‌ಆರ್ಕ್ ಬಸಾಲ್ಟಿನಲ್ಲಿ ಆ ಏರಿಕೆ ಇಲ್ಲ.

ಕಡಲತಳ

ತುಂಬಾ ಧನ್ಯವಾದ ಇಬ್ಬರಿಗೂ. ಬಟ್ಟೆ ಹಿಂಡುವ ಹೋಲಿಕೆಯಿಂದ ಬೋನಿನೈಟ್ ಈಗ ಅರ್ಥವಾಯಿತು.

ಆದರೆ ಈ ಕಲ್ಲು 5 ಕೋಟಿ ವರ್ಷ ಉಪ್ಪುನೀರಿನಲ್ಲಿ ನೆನೆದದ್ದಲ್ಲವೇ? ಕೆಳಫಲಕದ ನೀರಿನ ಗುರುತು ಯಾವುದು, ಮೇಲಿನ ಸಮುದ್ರದ ನೀರಿನ ಗುರುತು ಯಾವುದು ಎಂದು ಹೇಗೆ ಬೇರೆ ಮಾಡುತ್ತಾರೆ?

ಮೂಸೆ

ಇದಕ್ಕೆ ಉತ್ತರ ನಾನು ಕೊಡುತ್ತೇನೆ, ನನ್ನ ಕೆಲಸವೇ ಇದು. ಹನ್ನೊಂದು ವರ್ಷದಿಂದ ಬಸಾಲ್ಟ್ ಪುಡಿ ಮಾಡಿ ಆಮ್ಲದಲ್ಲಿ ಕರಗಿಸಿ ಧಾತುಗಳನ್ನು ಅಳೆಯುತ್ತಿದ್ದೇನೆ.

ಸಮುದ್ರದ ನೀರು ಬಸಾಲ್ಟಿಗೆ ಪೊಟ್ಯಾಸಿಯಂ, ರುಬಿಡಿಯಂ, ಸೀಸಿಯಂ, ಯುರೇನಿಯಂಗಳನ್ನು ಸೇರಿಸುತ್ತದೆ. ಬೇರಿಯಂ, ಸ್ಟ್ರಾನ್ಷಿಯಂಗಳನ್ನು ಅಲುಗಾಡಿಸುತ್ತದೆ. ದುರದೃಷ್ಟಕ್ಕೆ ಕೆಳಫಲಕದ ನೀರು ಹೊತ್ತು ತರುವ ಧಾತುಗಳೂ ಹೆಚ್ಚುಕಡಿಮೆ ಇವೇ. ಹಾಗಾಗಿ ಹಳೆಯ ಕಲ್ಲಿನಲ್ಲಿ ಬೇರಿಯಂ ಹೆಚ್ಚು ಕಂಡ ಕೂಡಲೇ ಸಬ್‌ಡಕ್ಷನ್ ಎಂದು ಬರೆದುಬಿಟ್ಟರೆ ನಾನು ಒಪ್ಪುವುದಿಲ್ಲ. ನೀರಿಗೆ ಜಗ್ಗದ ಧಾತುಗಳನ್ನೇ ಹಿಡಿಯಬೇಕು: ಟೈಟಾನಿಯಂ, ವನೇಡಿಯಂ, ಜಿರ್ಕೋನಿಯಂ, ಹ್ಯಾಫ್ನಿಯಂ, ನಿಯೋಬಿಯಂ, ಥೋರಿಯಂ, ಇಟ್ರಿಯಂ ಮತ್ತು ವಿರಳ ಭೂಧಾತುಗಳಲ್ಲಿ ಹೆಚ್ಚಿನವು. ತೆಳುಪದರ ಅವರು ಹೇಳಿದ ಅನುಪಾತಗಳೆಲ್ಲ ಇವುಗಳಿಂದಲೇ ಮಾಡಿದವು ಎನ್ನುವುದನ್ನು ಗಮನಿಸಿ. ನೀರಿನಡಿ ಹರಿದು ದಿಂಬಿನಾಕಾರಕ್ಕೆ ಗಟ್ಟಿಯಾದ ದಿಂಬು ಲಾವಾದ ಹೊರಮೈಯಲ್ಲಿ ತಟ್ಟನೆ ತಣಿದು ಉಳಿದ ಗಾಜು ಸಿಕ್ಕಿದರೆ ಅದಕ್ಕಿಂತ ಭಾಗ್ಯವಿಲ್ಲ. ಹಾಳಾಗದ ಗಾಜಿನಲ್ಲಿ ಮೂಲ ಲಾವಾದ ನೀರು ಸಹ ಉಳಿದಿರುತ್ತದೆ.

ಕಲ್ಲನ್ನು ಕೈಗೆ ತೆಗೆದುಕೊಂಡ ಮೇಲೂ ಕೆಡಿಸುವ ಅವಕಾಶ ಬೇಕಾದಷ್ಟಿದೆ. ಬಿರುಕು, ಬಿಳಿ ಎಳೆ, ಹಸಿರು ಕಲೆ ಇರುವ ಚೂರುಗಳನ್ನು ಒಂದೊಂದಾಗಿ ಭೂತಗನ್ನಡಿಯಡಿ ಆರಿಸಿ ಎಸೆಯಬೇಕು. ಶುರುವಿನ ವರ್ಷಗಳಲ್ಲಿ ನಾನು ಒಂದು ಪೂರ್ತಿ ಕಂತಿನ ಮಾದರಿಗಳನ್ನು ಟಂಗ್‌ಸ್ಟನ್ ಕಾರ್ಬೈಡ್ ಪಾತ್ರೆಯಲ್ಲಿ ಅರೆದೆ. ಆ ಪಾತ್ರೆ ಟಂಗ್‌ಸ್ಟನ್, ಕೋಬಾಲ್ಟ್‌ಗಳ ಜೊತೆ ಟ್ಯಾಂಟಲಮ್ಮನ್ನೂ ಪುಡಿಗೆ ಬಿಟ್ಟುಕೊಡುತ್ತದೆ. ನನಗೆ ಬೇಕಾಗಿದ್ದದ್ದೇ ಟ್ಯಾಂಟಲಂ. ಹಿಂಡಿ ಹೋದ ಬಸಾಲ್ಟಿನಲ್ಲಿ ಅದು ಇರುವುದೇ ಲೇಶಮಾತ್ರ, ಪಾತ್ರೆಯಿಂದ ಬಂದದ್ದು ಅದನ್ನು ಮುಳುಗಿಸಿಬಿಟ್ಟಿತ್ತು. ಆರು ತಿಂಗಳ ಅಂಕಿಗಳನ್ನು ಬದಿಗಿಟ್ಟು ಅಗೇಟ್ ಪಾತ್ರೆಯಲ್ಲಿ ಮೊದಲಿಂದ ಅರೆದೆವು. ಪುಡಿ ಉಳಿದಿರದ ಎರಡು ಮಾದರಿಗಳು ಶಾಶ್ವತವಾಗಿ ಹೋದವು. ಆ ಎರಡರ ಬಗ್ಗೆ ನನಗೆ ಈಗಲೂ ಬೇಸರವಿದೆ. ಸಮುದ್ರದ ತಳದಿಂದ ಅಷ್ಟು ಕಷ್ಟಪಟ್ಟು ಮೇಲೆ ಬಂದ ಕಲ್ಲು ಅದು.

ಅದಕ್ಕೇ ಯಾರಾದರೂ ಹೊಸ ಅನುಪಾತ ತೋರಿಸಿದರೆ ನಾನು ಮೊದಲು ಕೇಳುವುದು ಅರೆದದ್ದು ಯಾವುದರಲ್ಲಿ ಎಂದು.

ಹೊಸ ಓದುಗ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಬೋನಿನೈಟ್ ನೋಡಲು ಹೇಗಿರುತ್ತದೆ? ಹೆಸರು ಎಲ್ಲಿಂದ ಬಂತು?

ತೆಳುಪದರ

ಕ್ಷಮೆ ಯಾಕೆ, ಕೇಳಿ. ಬೋನಿನ್ ದ್ವೀಪಗಳಿಂದ ಬಂದ ಹೆಸರು, 1891ರಲ್ಲಿ ಇಟ್ಟದ್ದು. ಈಗ ಒಗಸವಾರ ಎಂದು ಕರೆಯುವ ದ್ವೀಪಗಳೇ ಅವು. ಬೋನಿನ್ ಅನ್ನುವುದು ಜಪಾನಿ ಭಾಷೆಯಲ್ಲಿ ಜನರಿಲ್ಲದ್ದು ಎಂಬ ಅರ್ಥದ ಹಳೆಯ ಪದದಿಂದ ಬಂದದ್ದು. ಅಲ್ಲಿನ ಚಿಚಿಜಿಮಾ ದ್ವೀಪದ ಕಡಲಂಚಿನ ಬಂಡೆಗಳಲ್ಲಿ ಬೋನಿನೈಟಿನ ದಿಂಬು ಲಾವಾ ಕಣ್ಣಿಗೆ ಕಾಣುವಂತೆ ನಿಂತಿದೆ. ಸಮುದ್ರದ ಮೇಲೆ ಹೀಗೆ ಸಿಗುವುದು ಬಹಳ ಅಪರೂಪ.

ತೆಳುವಾಗಿ ಉಜ್ಜಿ ಸೂಕ್ಷ್ಮದರ್ಶಕದಲ್ಲಿಟ್ಟರೆ ಗಾಜಿನ ನಡುವೆ ಪೈರಾಕ್ಸೀನ್ ಹರಳುಗಳು ತೇಲುತ್ತಿರುವಂತೆ ಕಾಣುತ್ತದೆ. ಸಾಮಾನ್ಯ ಬಸಾಲ್ಟಿನಲ್ಲಿ ತುಂಬಿರುವ ಬಿಳಿ ಫೆಲ್‌ಸ್ಪಾರ್ ಕಡ್ಡಿಗಳು ದೊಡ್ಡ ಹರಳುಗಳ ಸಾಲಿನಲ್ಲಿ ಇರುವುದೇ ಇಲ್ಲ. ಒಪ್ಪಿತ ವ್ಯಾಖ್ಯೆಯಂತೆ ಸಿಲಿಕಾ ಶೇ 52ಕ್ಕಿಂತ ಹೆಚ್ಚು, ಮೆಗ್ನೀಸಿಯಂ ಆಕ್ಸೈಡ್ ಶೇ 8ಕ್ಕಿಂತ ಹೆಚ್ಚು, ಟೈಟಾನಿಯಂ ಆಕ್ಸೈಡ್ ಶೇ 0.5ಕ್ಕಿಂತ ಕಡಿಮೆ ಇರಬೇಕು. ಸಿಲಿಕಾ ಮತ್ತು ಮೆಗ್ನೀಸಿಯಂ ಎರಡೂ ಒಟ್ಟಿಗೆ ಹೆಚ್ಚಿರುವುದು ವಿಚಿತ್ರ, ಸಾಧಾರಣವಾಗಿ ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ಹಿಂಡಿ ಹೋದ ಮ್ಯಾಂಟಲ್, ಜೊತೆಗೆ ನೀರು, ಜೊತೆಗೆ ಕಡಿಮೆ ಆಳ: ಮೂರೂ ಕೂಡಿಬಂದಾಗಲೇ ಇಂಥ ಕಲ್ಲು.

ಲೆಕ್ಕದಮೇಷ್ಟ್ರು

ಎಲ್ಲರ ಬರಹವನ್ನೂ ಗಮನವಿಟ್ಟು ಓದಿದೆ. ಸರದಿಯ ಬಗ್ಗೆ ನನ್ನ ತಕರಾರಿಲ್ಲ. ಸರದಿಯಿಂದ ಕಾರಣಕ್ಕೆ ಜಿಗಿಯುವಾಗ ನಡೆಯುವ ಅವಸರದ ಬಗ್ಗೆ ತಕರಾರಿದೆ.

ಸಬ್‌ಡಕ್ಷನ್ ಶುರುವಾಗಲು ಎರಡು ಬಗೆ ಹೇಳುತ್ತಾರೆ. ಹಳೆಯ, ತಣ್ಣಗಾದ, ಭಾರವಾದ ಫಲಕ ತನ್ನ ತೂಕಕ್ಕೇ ಕುಸಿಯುವುದು ಒಂದು. ದೂರದಿಂದ ಬಂದ ತಳ್ಳು ಫಲಕವನ್ನು ಒತ್ತಾಯದಿಂದ ಅಡಿಗೆ ನೂಕುವುದು ಇನ್ನೊಂದು. ರಾಬರ್ಟ್ ಸ್ಟರ್ನ್ ಮತ್ತು ಶೆರ್ಮನ್ ಬ್ಲೂಮರ್ 1992ರಲ್ಲಿ ಇಝು-ಬೋನಿನ್-ಮರಿಯಾನಾ ಮೊದಲ ಬಗೆಯದು ಎಂದು ಚಿತ್ರ ಬರೆದರು. ಅಂದಿನಿಂದ ಫೋರ್‌ಆರ್ಕ್ ಬಸಾಲ್ಟ್ ಆಮೇಲೆ ಬೋನಿನೈಟ್ ಎಂಬ ಸರದಿ ಕಂಡಲ್ಲೆಲ್ಲ ತಾನಾಗಿ ಕುಸಿದದ್ದು ಎಂದು ಓದುವ ರೂಢಿ ಬೆಳೆದಿದೆ.

ಓಮಾನಿನ ಓಫಿಯೊಲೈಟನ್ನು ನೋಡಿ. ಸಾಗರತಳದ ಒಂದು ಭಾರಿ ಹಾಳೆ ಅಲ್ಲಿ ನೆಲದ ಮೇಲೆ ಬಂದು ಕೂತಿದೆ. ಕೆಳಗಿನ ಲಾವಾಗಳು ಏಣಿನ ಬಸಾಲ್ಟಿಗೆ ಹತ್ತಿರ, ಮೇಲಿನವುಗಳಲ್ಲಿ ಬೋನಿನೈಟ್ ಇದೆ. ಅದೇ ಸರದಿ. ಅದರ ತೊಗಟೆ ಹುಟ್ಟಿದ್ದು ಸುಮಾರು 9.6 ಕೋಟಿ ವರ್ಷದ ಹಿಂದೆ, ಜಿರ್ಕಾನ್ ಹರಳುಗಳ ವಯಸ್ಸಿನಿಂದ ಗೊತ್ತು. ಆದರೆ ಓಫಿಯೊಲೈಟಿನ ಅಡಿಯಲ್ಲಿ, ಕೆಳಗಿಳಿದ ಫಲಕದಿಂದ ಕಿತ್ತುಬಂದು ಅಂಟಿಕೊಂಡ ರೂಪಾಂತರ ಶಿಲೆಯಿದೆ. ಅದರಲ್ಲಿನ ಗಾರ್ನೆಟ್ ಹರಳುಗಳನ್ನು ಲುಟೀಶಿಯಂ-ಹ್ಯಾಫ್ನಿಯಂ ವಿಧಾನದಿಂದ ಅಳೆದವರು 2018ರಲ್ಲಿ ಕೊಟ್ಟ ವಯಸ್ಸು ಸುಮಾರು 10.4 ಕೋಟಿ ವರ್ಷ. ಅಂದರೆ ಮೇಲೆ ಲಾವಾ ಹರಿಯುವುದಕ್ಕೆ 80 ಲಕ್ಷ ವರ್ಷ ಮೊದಲೇ ಕೆಳಫಲಕ ಆಳದಲ್ಲಿ ಒತ್ತಿ ಬೇಯುತ್ತಿತ್ತು. ಅವರು ಇದನ್ನು ಒತ್ತಾಯದ ಶುರು ಎಂದೇ ಓದಿದ್ದಾರೆ. ಆ ವಯಸ್ಸುಗಳ ಮೇಲೆ ಚರ್ಚೆ ನಡೆದಿದೆ, ಒಪ್ಪುತ್ತೇನೆ. ನನ್ನ ಮಾತು ಇಷ್ಟೇ: ಎರಡು ಬೇರೆ ಕಾರಣಗಳು ಒಂದೇ ರಸಾಯನದ ಸರದಿಯನ್ನು ಕೊಡಬಲ್ಲವಾದರೆ, ಆ ಸರದಿ ಕಾರಣವನ್ನು ಹೇಳುವುದಿಲ್ಲ.

ಹವಾಯಿ-ಎಂಪರರ್ ಸಾಗರಪರ್ವತಗಳ ಸಾಲು ಸುಮಾರು 5 ಕೋಟಿ ವರ್ಷದ ಹಿಂದೆ ಬಾಗಿದೆ, ಪೆಸಿಫಿಕ್ ಫಲಕ ದಿಕ್ಕು ಬದಲಿಸಿದ ಕುರುಹು ಅದು ಎಂದು ಹಲವರು ಹೇಳುತ್ತಾರೆ. ಅದಕ್ಕೂ ಇಝು-ಬೋನಿನ್ ಕಂದಕ ಹುಟ್ಟಿದ್ದಕ್ಕೂ ತಳುಕು ಹಾಕುವುದು ಸುಲಭ. ಆದರೆ ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಇರುವ ಸಂಬಂಧವನ್ನು ವಯಸ್ಸುಗಳನ್ನು ಪಕ್ಕಪಕ್ಕ ಇಟ್ಟಷ್ಟಕ್ಕೇ ಸಾಧಿಸಲಾಗದು.

ಹಳೆಗಲ್ಲು

ಮೇಷ್ಟ್ರೇ, ಓಮಾನಿನ ಉದಾಹರಣೆ ಸರಿಯಾದ ಜಾಗಕ್ಕೇ ತಗುಲುತ್ತದೆ. ನಾನು ತಪ್ಪಿಸಿಕೊಳ್ಳುವುದಿಲ್ಲ. ಆದರೆ ಪೆಸಿಫಿಕ್‌ನಲ್ಲಿ ಕೊರೆದದ್ದರಿಂದ ಏನು ಸಿಕ್ಕಿತು ಎಂದು ಒಮ್ಮೆ ಪೂರ್ತಿ ಇಡುತ್ತೇನೆ, ಇಲ್ಲಿ ಹಲವರು ಅದನ್ನು ಓದಿಲ್ಲದಿರಬಹುದು.

2014ರಲ್ಲಿ ಜಾಯ್ಡಿಸ್ ರೆಸಲ್ಯೂಶನ್ ಹಡಗು ಬೆನ್ನುಬೆನ್ನಿಗೆ ಎರಡು ಯಾತ್ರೆ ಮಾಡಿತು. 351ನೆಯದು ಕಮಾನಿನ ಹಿಂದೆ, ಕ್ಯುಶು-ಪಲಾವ್ ಏಣಿನ ಪಶ್ಚಿಮಕ್ಕಿರುವ ಅಮಾಮಿ-ಸಂಕಾಕು ಎಂಬ ಕಡಲತಳದ ತಗ್ಗಿನಲ್ಲಿ. ಯು1438 ಎಂಬ ತಾಣ. ಸುಮಾರು 4,700 ಮೀಟರ್ ನೀರು, ಅದರ ಕೆಳಗೆ 1,461 ಮೀಟರ್ ಮಡ್ಡಿ, ಅದನ್ನೆಲ್ಲ ದಾಟಿ ಬಸಾಲ್ಟಿನೊಳಗೆ 150 ಮೀಟರ್. ಅಲ್ಲಿ ಹಳೆಯ ಸಾಗರತಳ ಸಿಗಬಹುದು ಎಂದು ನಿರೀಕ್ಷೆಯಿತ್ತು. ಸಿಕ್ಕಿದ್ದು ಬಹಳ ಹಿಂಡಿ ಹೋದ ಮ್ಯಾಂಟಲ್‌ನಿಂದ ಬಂದ, ಫೋರ್‌ಆರ್ಕ್ ಬಸಾಲ್ಟಿಗೆ ಹತ್ತಿರದ ಕಲ್ಲು. ನಂತರ, ಪೊಟ್ಯಾಸಿಯಂ ಕ್ಷಯಿಸಿ ಆರ್ಗಾನ್ ಆಗುವುದನ್ನು ಅಳೆಯುವ ಆರ್ಗಾನ್ ವಿಧಾನದಿಂದ ಬಂದ ವಯಸ್ಸು ಸುಮಾರು 4.87 ಕೋಟಿ ವರ್ಷ. ಎಂದರೆ ಕಮಾನು ಕೂತಿರುವ ಅಡಿಪಾಯವೇ ಸಬ್‌ಡಕ್ಷನ್ ಶುರುವಾದ ಮೇಲೆ ಹುಟ್ಟಿದ ಹೊಸ ನೆಲ. ಇದು ಎಷ್ಟು ದೊಡ್ಡ ತಿರುವು ಎಂದು ನೋಡಿ. ಕಮಾನು ಹಳೆಯ ಸಾಗರತಳದ ಮೇಲೆ ಬೆಳೆದದ್ದು ಎಂದು ಹಿಡಿದು ಅದರ ತೊಗಟೆಯ ಗಾತ್ರ ಎಣಿಸಿದ್ದ ಲೆಕ್ಕಗಳನ್ನೆಲ್ಲ ಮತ್ತೆ ಮಾಡಬೇಕಾಯಿತು.

352ನೆಯದು ಕಮಾನಿನ ಮುಂದೆ, ಬೋನಿನ್ ಫೋರ್‌ಆರ್ಕಿನಲ್ಲಿ ನಾಲ್ಕು ತಾಣ. ಕಂದಕದ ಹತ್ತಿರದ ಎರಡರಲ್ಲಿ ಫೋರ್‌ಆರ್ಕ್ ಬಸಾಲ್ಟ್, ಮೇಲಿನ ಎರಡರಲ್ಲಿ ಬೋನಿನೈಟ್. ಬಸಾಲ್ಟಿನ ವಯಸ್ಸು 5.19ರಿಂದ 5.13 ಕೋಟಿ ವರ್ಷ, ಬೋನಿನೈಟಿನದು ಅಲ್ಲಿಂದ 5.03 ಕೋಟಿ ವರ್ಷದವರೆಗೆ. ಒತ್ತಡ ಇಳಿದು ಕರಗುವುದರಿಂದ ನೀರು ಸೇರಿ ಕರಗುವುದಕ್ಕೆ ಬದಲಾಗಲು 10 ಲಕ್ಷ ವರ್ಷವೂ ಬೇಕಾಗಲಿಲ್ಲ! ಇಷ್ಟು ಚುರುಕು ಯಾರ ಎಣಿಕೆಯಲ್ಲೂ ಇರಲಿಲ್ಲ ಎಂದು ನನ್ನ ಭಾವನೆ.

ಬೋನಿನೈಟಿನ ಕೆಳಗೆ ಕೊರೆಯುತ್ತ ಹೋದರೆ ಫೋರ್‌ಆರ್ಕ್ ಬಸಾಲ್ಟ್ ಸಿಗಬೇಕು ಎಂದುಕೊಂಡಿದ್ದರು. ಸಿಗಲಿಲ್ಲ. ಕೆಳಗೂ ಬೋನಿನೈಟಿನದೇ ಡೈಕುಗಳು, ಅಂದರೆ ಲಾವಾ ಮೇಲೇರಿದ ಬಿರುಕುಗಳಲ್ಲಿ ಗಟ್ಟಿಯಾದ ಕಲ್ಲಿನ ಗೋಡೆಗಳು. ಎರಡೂ ಒಂದರ ಮೇಲೊಂದು ಪದರವಾಗಿ ಕೂತಿಲ್ಲ, ಅಕ್ಕಪಕ್ಕ ಇವೆ. ಹಿಗ್ಗುತ್ತಿದ್ದ ಸಾಗರತಳದ ಏಣಿನಲ್ಲಿ ಮೊದಲು ಬಸಾಲ್ಟ್, ಆಮೇಲೆ ಅದೇ ಏಣು ಕಂದಕದಿಂದ ದೂರ ಸರಿದಂತೆ ಬೋನಿನೈಟ್. ಇಳಿಜಾರಿನಲ್ಲಿ ಮೇಲೆ-ಕೆಳಗೆ ಎಂದು ಕಂಡದ್ದು ಬಹುಪಾಲು ಹಿಂದೆ-ಮುಂದೆ ಆಗಿತ್ತು. ನನ್ನ ಮೊದಲ ಉತ್ತರದಲ್ಲಿ ಪದರ ಪದರವಾಗಿ ಬರೆದದ್ದನ್ನು ಇದರಿಂದ ತಿದ್ದಿಕೊಳ್ಳಬೇಕು.

ಇನ್ನು ತಾನಾಗಿ ಕುಸಿದದ್ದೋ, ನೂಕಿದ್ದೋ ಎಂಬುದು. ನೂಕಿದ್ದರೆ ಮೊದಲು ನೆಲ ಉಬ್ಬಬೇಕು, ಸವೆಯಬೇಕು. ಯು1438ರ ಬಸಾಲ್ಟಿನ ಮೇಲಿನ ಮಡ್ಡಿಯಲ್ಲಿ ಅಂಥ ಉಬ್ಬರದ ಗುರುತಿಲ್ಲ ಎಂದು 2015ರಲ್ಲಿ ರಿಚರ್ಡ್ ಆರ್ಕುಲಸ್ ಮತ್ತು ತಂಡ ವಾದಿಸಿತು.

ಲೆಕ್ಕದಮೇಷ್ಟ್ರು

ಆ ಕೊನೆಯ ವಾದವನ್ನು ಅಂಕಿಗಳ ಪಕ್ಕದಲ್ಲಿಟ್ಟು ನೋಡಿ ಸರ್. ಅಲ್ಲಿನ ಬಸಾಲ್ಟ್ 4.87 ಕೋಟಿ ವರ್ಷದ್ದು. ಫೋರ್‌ಆರ್ಕಿನಲ್ಲಿ ಲಾವಾ ಹರಿಯತೊಡಗಿದ್ದು 5.19 ಕೋಟಿಯಲ್ಲಿ. ಮೂವತ್ತು ಲಕ್ಷ ವರ್ಷ ತಡವಾಗಿ ಹುಟ್ಟಿದ ನೆಲ ತಾನು ಹುಟ್ಟುವ ಮೊದಲಿನ ಉಬ್ಬರವನ್ನು ಹೇಗೆ ದಾಖಲಿಸೀತು? ಇದ್ದರೂ ಅಲ್ಲಿ ಕಾಣುವುದಿಲ್ಲ, ಇಲ್ಲದಿದ್ದರೂ ಕಾಣುವುದಿಲ್ಲ.

ಹಳೆಗಲ್ಲು

ಹೌದು. ಬಸಾಲ್ಟಿನ ವಯಸ್ಸು 2018ರಲ್ಲಿ ಖಚಿತವಾದ ಮೇಲೆ ಆ ಮಡ್ಡಿಯ ಸಾಕ್ಷಿ ದುರ್ಬಲವಾಯಿತು ಎಂಬುದನ್ನು ಒಪ್ಪುತ್ತೇನೆ. ಈಗಲೂ ತಾನಾಗಿ ಕುಸಿದದ್ದೇ ಹೆಚ್ಚು ಸಂಭವ ಎಂದು ನನಗನ್ನಿಸುತ್ತದೆ, ಹಿಗ್ಗುವಿಕೆ ಅಷ್ಟು ವೇಗವಾಗಿ ಅಷ್ಟು ಅಗಲಕ್ಕೆ ಹಬ್ಬಿದ್ದರಿಂದ. ಆದರೆ ಆ ಅನಿಸಿಕೆಗೆ ರಸಾಯನದ ಬೆಂಬಲ ನೇರವಾಗಿಲ್ಲ. ಮೇಲಿನ ಫಲಕ ಯಾವಾಗ ಬಿರಿಯಿತು, ಕೆಳಗಿನ ನೀರು ಯಾವಾಗ ತಲುಪಿತು, ಇವೆರಡನ್ನು ಬಸಾಲ್ಟ್ ಹೇಳುತ್ತದೆ. ಮೊದಲ ನೂಕು ಯಾರದು ಎಂಬುದು ಅದರ ಕಿವಿಗೆ ಬಿದ್ದಿರುವುದೇ ಇಲ್ಲ.

ಮೂಸೆ

ವಯಸ್ಸಿನ ಮಾತು ಬಂದದ್ದರಿಂದ ಒಂದು ಸಾಲು. ಆರ್ಗಾನ್ ವಿಧಾನಕ್ಕೆ ಕಲ್ಲಿನಲ್ಲಿ ಪೊಟ್ಯಾಸಿಯಂ ಬೇಕು. ಹಿಂಡಿ ಹೋದ ಈ ಬಸಾಲ್ಟುಗಳಲ್ಲಿ ಅದು ತೀರಾ ಕಡಿಮೆ, ಇರುವುದರಲ್ಲೂ ಸಮುದ್ರ ಸೇರಿಸಿದ್ದೆಷ್ಟೋ. ಹಾಗಿದ್ದೂ ಲಕ್ಷ ವರ್ಷಗಳ ಮಟ್ಟದಲ್ಲಿ ವಯಸ್ಸು ಬಂದಿರುವುದು, ಗ್ಯಾಬ್ರೊ ಜಾತಿಯ ಕಲ್ಲುಗಳ ಜಿರ್ಕಾನ್ ವಯಸ್ಸು ಅದಕ್ಕೆ ತಾಳೆಯಾಗಿರುವುದು ಬಹಳ ಶ್ರಮದ ಕೆಲಸ. ಆ ಅಂಕಿಗಳನ್ನು ಉದ್ಧರಿಸುವಾಗ ಅದರ ಹಿಂದಿನ ಕೈಗಳನ್ನು ನೆನೆಯುತ್ತೇನೆ.

ಕಡಲತಳ

ಈ ಸರದಿ ಇನ್ನೂ ಹಳೆಯ ಕಲ್ಲುಗಳಲ್ಲಿ ಸಿಕ್ಕಿದೆಯೇ? ಭೂಮಿಯಲ್ಲಿ ಸಬ್‌ಡಕ್ಷನ್ ಮೊಟ್ಟಮೊದಲು ಶುರುವಾದ ಕಾಲದ್ದು?

ತೆಳುಪದರ

ಹುಡುಕಿದ್ದಾರೆ. ಕೆನಡಾದ ಕ್ವಿಬೆಕ್‌ನಲ್ಲಿ ಹಡ್ಸನ್ ಕೊಲ್ಲಿಯ ಪಕ್ಕದ ನುವ್ವುವಾಗಿಟ್ಟುಕ್ ಎಂಬ ಹಸಿರುಶಿಲಾ ಪಟ್ಟಿಯಲ್ಲಿ ಲಾವಾಗಳ ರಸಾಯನ ಕೆಳಗಿನಿಂದ ಮೇಲಕ್ಕೆ ಇಝು-ಬೋನಿನ್ ಸರದಿಯಂತೆಯೇ ಬದಲಾಗುತ್ತದೆ ಎಂದು 2014ರಲ್ಲಿ ಸೈಮನ್ ಟರ್ನರ್ ಮತ್ತು ಸಂಗಡಿಗರು ಬರೆದರು. ಮಾರ್ಕ್ ರೇಗನ್ ಆ ತಂಡದಲ್ಲೂ ಇದ್ದರು. ಆ ಪಟ್ಟಿಯ ವಯಸ್ಸೇ ವಿವಾದದಲ್ಲಿದೆ: ಕೆಲವರಿಗೆ ಸುಮಾರು 380 ಕೋಟಿ ವರ್ಷ, ಕೆಲವರಿಗೆ 430 ಕೋಟಿಯ ಹತ್ತಿರ.

ನನಗೆ ಇದರಲ್ಲಿ ಹಿಂಜರಿಕೆ ಇದೆ. ಆಗಿನ ಮ್ಯಾಂಟಲ್ ಈಗಿನದಕ್ಕಿಂತ ಬಿಸಿ. ಬಿಸಿ ಹೆಚ್ಚಿದ್ದರೆ ನೀರಿಲ್ಲದೆಯೂ ಮ್ಯಾಂಟಲ್ ಬಹಳ ಕರಗಿ ಹಿಂಡಿ ಹೋಗುತ್ತದೆ. ಭಾರವಾದ ತೊಗಟೆ ತುಂಡಾಗಿ ನೇರ ಕೆಳಗೆ ತೊಟ್ಟಿಕ್ಕಿ, ಅದರ ನೀರಿನಿಂದ ಬೋನಿನೈಟಿನಂಥ ಲಾವಾ ಬರಬಹುದು, ಫಲಕ ಜಾರಬೇಕೆಂದೇನೂ ಇಲ್ಲ. ಅಲ್ಲದೆ ಆ ಕಲ್ಲು ಎಷ್ಟೋ ಸಲ ಬೆಂದು ಮಡಚಿ ರೂಪ ಬದಲಿಸಿದೆ. ಮೇಲೆ ಯಾವುದು, ಕೆಳಗೆ ಯಾವುದು ಎಂದು ಹೇಳುವುದೇ ಕಷ್ಟ. 5 ಕೋಟಿ ವರ್ಷದ ಫೋರ್‌ಆರ್ಕಿನಲ್ಲೇ ಮೇಲೆ-ಕೆಳಗೆ ಅಂದುಕೊಂಡದ್ದು ಅಕ್ಕಪಕ್ಕವಾಯಿತು ಎಂದು ಸರ್ ಈಗಷ್ಟೇ ಬರೆದರು.

ಲೆಕ್ಕದಮೇಷ್ಟ್ರು

ತೆಳುಪದರ ಅವರೇ, ಇದನ್ನೇ ನಾನು ಹೇಳಬೇಕೆಂದಿದ್ದೆ. ಇನ್ನೊಂದು ಕಡೆಯಿಂದಲೂ ನೋಡೋಣ. ನ್ಯೂಜಿಲೆಂಡಿನ ದಕ್ಷಿಣಕ್ಕೆ ಪ್ಯುಸೆಗರ್ ಕಂದಕವಿದೆ. ಸಬ್‌ಡಕ್ಷನ್ ಎಳೆಯದಾಗಿರುವ ಜಾಗ, ಪಕ್ಕಕ್ಕೆ ಸರಿಯುತ್ತಿದ್ದ ಫಲಕಗಳು ಒಂದನ್ನೊಂದು ಒತ್ತತೊಡಗಿ ಹುಟ್ಟಿದ್ದು. ಅಲ್ಲಿ ಏಣು ಉಬ್ಬಿ ಅಲೆಗಳಿಗೆ ಸಿಕ್ಕಿ ಚಪ್ಪಟೆಯಾಗಿ, ಆಮೇಲೆ ಒಂದು ಭಾಗ ಮುಳುಗಿದೆ. ಜ್ವಾಲಾಮುಖಿ ಅಂದರೆ ಸೊಲಾಂಡರ್ ದ್ವೀಪಗಳಷ್ಟೇ ಎನ್ನಬೇಕು. ನಾಳೆ ಅದು ಪೂರ್ಣ ಕಮಾನಾದರೆ, ಅದರ ಮೊದಲ ಅಧ್ಯಾಯ ಬಸಾಲ್ಟಿನಲ್ಲಿ ಬರೆದಿರುವುದಿಲ್ಲ. ಬಸಾಲ್ಟನ್ನೇ ಹುಡುಕಿಕೊಂಡು ಹೋದವರಿಗೆ ಬಿರಿದು ಶುರುವಾದವು ಮಾತ್ರ ಸಿಗುತ್ತವೆ, ಒತ್ತಿ ಶುರುವಾದವು ಕಣ್ತಪ್ಪುತ್ತವೆ. ಎಷ್ಟು ಕಮಾನುಗಳು ಯಾವ ಬಗೆಯಲ್ಲಿ ಹುಟ್ಟಿದವು ಎಂಬ ಎಣಿಕೆಯೇ ಹೀಗೆ ಒಂದು ಕಡೆಗೆ ವಾಲುತ್ತದೆ.

ಕಡಲತಳ

ಹಾಗಾದರೆ ಬಸಾಲ್ಟ್ ಇಲ್ಲದ ಕಡೆ ಏನು ನೋಡಬೇಕು?

ಹಳೆಗಲ್ಲು

ಮಡ್ಡಿ ನೋಡಬೇಕು, ಓಮಾನಿನಂಥ ಕಡೆ ಅಡಿಯ ಗಾರ್ನೆಟ್ ನೋಡಬೇಕು. ಯಾವ ಕಾಲಕ್ಕೆ ನೆಲ ಎಷ್ಟು ಆಳದಲ್ಲಿತ್ತು ಎಂದು ಸೂಕ್ಷ್ಮಜೀವಿಗಳ ಚಿಪ್ಪು ಹೇಳುತ್ತದೆ. ಹಳೆಯ ಏಣು ಮೇಲೆದ್ದು ಸವೆದಿದ್ದರೆ ಅದರ ಮರಳು ಪಕ್ಕದ ತಗ್ಗಿನಲ್ಲಿ ಬಿದ್ದಿರುತ್ತದೆ. ಮೇಷ್ಟ್ರು ಹೇಳಿದಂತೆ ಆ ತಗ್ಗಿನ ನೆಲ ಸಬ್‌ಡಕ್ಷನ್‌ಗಿಂತ ಹಳೆಯದಾಗಿರಬೇಕು, ಅದೇ ಷರತ್ತು. ಇಝು-ಬೋನಿನ್ ಮಟ್ಟಿಗೆ ಹಾಗಿರಬಹುದಾದ ಜಾಗ ಪಶ್ಚಿಮದ ಡೈಟೊ ಏಣು, ಅಮಾಮಿ ಪ್ರಸ್ಥಭೂಮಿಗಳ ಸುತ್ತ. ಅವು ಕಮಾನಿಗಿಂತ ಹಳೆಯವು. ಅಲ್ಲಿ ಕೊರೆಯಬೇಕು ಎಂದು ನನ್ನ ಆಸೆ. ಆದರೆ ಜಾಯ್ಡಿಸ್ ರೆಸಲ್ಯೂಶನ್ 2024ರಲ್ಲಿ ಕೊರೆಯುವುದನ್ನು ನಿಲ್ಲಿಸಿತು.

ಮೂಸೆ

ಕೊರೆದು ತಂದದ್ದು ಉಳಿದಿದೆ ಸರ್. ಎರಡೂ ಯಾತ್ರೆಗಳ ಕೋರ್‌ಗಳು ಜಪಾನಿನ ಕೋಚಿ ಕೋರ್ ಕೇಂದ್ರದ ತಂಪು ಕೋಣೆಯಲ್ಲಿವೆ. ಸಂಶೋಧಕರು ಕಾರಣ ಬರೆದು ಚೂರು ಕೇಳಬಹುದು. ಯು1438ರ ತಳದ ಬಸಾಲ್ಟಿನಲ್ಲಿ ಗಾಜು ಎಲ್ಲೆಲ್ಲಿ ಉಳಿದಿದೆ ಎಂದು ವರದಿಯ ಚಿತ್ರಗಳಲ್ಲಿ ಗುರುತು ಹಾಕುತ್ತ ಕೂತಿದ್ದೇನೆ. ಕಡಲತಳ ಅವರೇ, ನಿಮಗೆ ಆಸಕ್ತಿಯಿದ್ದರೆ ಆ ಪಟ್ಟಿಯನ್ನು ಇಲ್ಲೇ ಹಾಕುತ್ತೇನೆ. ಅರೆಯುವುದು ಅಗೇಟ್ ಪಾತ್ರೆಯಲ್ಲಿ.